ಹುಡುಕಿದ್ದು ಬೆಟ್ಟದ ತುದಿಯಲ್ಲಿ, ಇದ್ದದ್ದು ಹಳ್ಳದ ದಂಡೆಯಲ್ಲಿ

ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಒಂದು ಚೀಟಿಯ ಕತೆ. 1839ರಲ್ಲಿ ಅಮೆರಿಕದ ತರುಣ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಪ್ಯಾರಿಸ್ಸಿಗೆ ಹೋಗಿದ್ದ. ಫ್ರೆಂಚ್ ಸಸ್ಯಾನ್ವೇಷಕ ಆಂದ್ರೆ ಮಿಶೋ ಅರ್ಧ ಶತಮಾನದ ಹಿಂದೆ ಅಮೆರಿಕದಿಂದ ತಂದು ಒಣಗಿಸಿಟ್ಟಿದ್ದ ಗಿಡಗಳಲ್ಲಿ ಹೆಸರಿಲ್ಲದ ಒಂದು ಅವನ ಕಣ್ಣಿಗೆ ಬಿತ್ತು. ಎಲೆಗಳಿದ್ದವು, ಕಾಯಿಯಿತ್ತು, ಹೂವಿರಲಿಲ್ಲ. ಚೀಟಿಯಲ್ಲಿ ಕ್ಯಾರೊಲಿನಾದ ಎತ್ತರದ ಬೆಟ್ಟಗಳಲ್ಲಿ ಸಿಕ್ಕಿದ್ದು ಎಂದಷ್ಟೇ ಇತ್ತು. ಹೂವನ್ನೇ ಕಾಣದೆ ಗ್ರೇ ಅದನ್ನು ಹೊಸ ಕುಲವೆಂದು ಗುರುತಿಸಿ, ಕೆಂಟಕಿಯ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಶಾರ್ಟ್ ನೆನಪಿಗೆ ಶಾರ್ಟಿಯಾ ಎಂದು 1842ರಲ್ಲಿ ಹೆಸರಿಟ್ಟ.

ಚೀಟಿಯನ್ನು ನಂಬಿ ಎಲ್ಲರೂ ಬೆಟ್ಟ ಹತ್ತಿದರು. ಗಿಡ ಇದ್ದದ್ದು ಕೆಳಗೆ, ಹಳ್ಳಗಳ ತೇವದ ದಂಡೆಯಲ್ಲಿ, ರೋಡೋಡೆಂಡ್ರಾನ್ ಪೊದೆಗಳ ಗಾಢ ನೆರಳಿನಲ್ಲಿ. ಗೇಣುದ್ದ ಮೀರದ ಗಿಡ. ಹೊಳೆಯುವ ದುಂಡನೆಯ ಎಲೆಗಳು ಚಳಿಗಾಲದಲ್ಲೂ ಉದುರುವುದಿಲ್ಲ. ಮಾರ್ಚ್ ಮಧ್ಯದಲ್ಲಿ, ಮೇಲಿನ ಮರಗಳು ಚಿಗುರುವ ಮೊದಲೇ, ಒಂದೊಂದು ದೇಟಿನ ತುದಿಗೆ ಒಂದೊಂದು ಬಿಳಿ ಹೂವು. ದಳಗಳ ಅಂಚು ಕತ್ತರಿಸಿದ ಹಾಗೆ. ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಬಂದವರಿಗೆ ಅದು ಬರೀ ಸೊಪ್ಪು.

ಆ ಸೀಮೆ ಬಲ್ಲ ಚೆರೋಕೀ ಜನರನ್ನು ಕೇಳಬಹುದಿತ್ತು. ಮಿಶೋಗೆ ದಾರಿ ತೋರಿಸಿದವರು ಅಲ್ಲಿನ ಮೂಲನಿವಾಸಿಗಳೇ. ಆದರೆ ಗ್ರೇ ಪ್ಯಾರಿಸ್ಸಿನಲ್ಲಿ ಆ ಗಿಡ ಕಾಣುವ ಹಿಂದಿನ ವರ್ಷವಷ್ಟೇ ಅಮೆರಿಕದ ಸೈನ್ಯ ಚೆರೋಕಿಯರ ಬಹುಪಾಲನ್ನು ನೆಲ ಬಿಡಿಸಿ ಪಶ್ಚಿಮಕ್ಕೆ ಅಟ್ಟಿತ್ತು. ಸಸ್ಯಶಾಸ್ತ್ರದ ಪುಸ್ತಕಗಳು ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಹೇಳುವುದು ಅಪರೂಪ.

ಕೊನೆಗೆ, 1877ರಲ್ಲಿ, ಉತ್ತರ ಕ್ಯಾರೊಲಿನಾದ ಕಟಾಬಾ ನದಿಯ ದಂಡೆಯಲ್ಲಿ ಅದು ಹದಿನೇಳರ ಹುಡುಗ ಜಾರ್ಜ್ ಹೈಮ್ಸ್ ಕೈಗೆ ಸಿಕ್ಕಿತು. ಅವನ ತಂದೆ ಔಷಧಿ ಗಿಡಮೂಲಿಕೆಗಳ ವ್ಯಾಪಾರಿ. ಅದು ಯಾವ ಗಿಡವೆಂದು ಅವರಿಗೂ ಗೊತ್ತಿರಲಿಲ್ಲ. ಮಾದರಿ ಕೈಯಿಂದ ಕೈಗೆ ದಾಟಿ ಗ್ರೇಗೆ ತಲುಪಿತು. 1879ರಲ್ಲಿ ಅವನು ಹೆಂಡತಿಯೊಡನೆ ಬಂದು ನೆಲದ ಮೇಲೆ ಬೆಳೆದ ಗಿಡವನ್ನು ಕಂಡ. ಹೆಸರು ಹೊತ್ತ ಶಾರ್ಟ್ 1863ರಲ್ಲೇ ತೀರಿಕೊಂಡಿದ್ದ.

ಮಿಶೋ ಓಡಾಡಿದ್ದ ದಕ್ಷಿಣ ಕ್ಯಾರೊಲಿನಾದ ಕಿಯೋವೀ ನದಿಯ ಮೂಲಗಳಲ್ಲಿ ಅದು ಮತ್ತೆ ಸಿಕ್ಕಿದ್ದು 1886ರಲ್ಲಿ. ಅದೇ ಕಣಿವೆಗಳಿಗೆ 1973ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದರು. ನೀರು ಮೊದಲು ತುಂಬುವುದು ಹಳ್ಳದ ದಂಡೆಗಳನ್ನೇ. ಶಾರ್ಟಿಯಾದ ತವರಿನ ದೊಡ್ಡ ಪಾಲು ಈಗ ಜೊಕಾಸೀ ಜಲಾಶಯದ ತಳದಲ್ಲಿದೆ. ಉಳಿದ ಗಿಡಗಳು ಹಿನ್ನೀರಿನ ಅಂಚಿನ ಹಳ್ಳಗಳಲ್ಲಿ, ಒಕೋನೀ ಬೆಲ್ಸ್ ಎಂಬ ಊರ ಹೆಸರಿನಲ್ಲಿ, ಈಗಲೂ ಮಾರ್ಚ್‌ನಲ್ಲೇ ಹೂ ಬಿಡುತ್ತವೆ.