ಗರಡಿ ಮನಿಯಿಂದ ಕಂಠೀರವದವರೆಗೆ

ಮೊಬೈಲ್‌ನಲ್ಲಿ ಪ್ರೊ ಕಬಡ್ಡಿ ನೋಡುವಾಗ ನಮ್ಮ ತಂಬೂರದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ: ‘ಅಣ್ಣಾ, ಅಷ್ಟ ದೊಡ್ಡ ಮನಿಯೊಳಗ ನಡುವ ಒಂದೂ ಕಂಬ ಇಲ್ಲ, ಮಾಡು ಹೆಂಗ ನಿಂತೈತಿ?’ ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೂರಿನ ಕೆಳಗೆ ಆಡುವುದು ನಮಗೆ ಹೊಸದಲ್ಲ. ಗರಡಿ ಮನಿ ನಮ್ಮ ಹಳೆಯ ಒಳಾಂಗಣವೇ. ಬಗ್ಗಿ ಹೋಗುವ ಸಣ್ಣ ಬಾಗಿಲು, ಒಳಗೆ ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಅಲ್ಲಿ ಪೈಲ್ವಾನರಿಗೆ ಜಾಗವಿತ್ತು, ನೋಡುವವರಿಗೆ ಇರಲಿಲ್ಲ. ಅದಕ್ಕೇ ಜಾತ್ರೆಯ ಕುಸ್ತಿ ಬಯಲಿಗೆ ಬರುತ್ತಿತ್ತು.

ಆಡುವವರಿಗೂ ನೋಡುವವರಿಗೂ ಒಂದೇ ಸೂರು ಕೊಡುವ ಕಟ್ಟಡಗಳಲ್ಲಿ ನಮ್ಮ ರಾಜ್ಯದ ಹೆಸರಾಂತದ್ದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣ. 1990ರ ದಶಕದ ಈ ಕಟ್ಟಡದಲ್ಲಿ ಸುಮಾರು 4,000 ಜನ ಕೂರಬಹುದು. ಇಂಥ ಕಟ್ಟಡಗಳಲ್ಲಿ ಉಕ್ಕಿನ ತೊಲೆಗಳನ್ನು ತ್ರಿಕೋನವಾಗಿ ಹೆಣೆದು, ಮಾಡಿನ ಭಾರವನ್ನು ಅಂಚಿನ ಕಂಬಗಳಿಗೆ ದಾಟಿಸುತ್ತಾರೆ. ಹೀಗಾಗಿ ನಡುವೆ ಕಂಬ ಬೇಡ.

ಹೆಸರು 1638ರಿಂದ 1659ರವರೆಗೆ ಮೈಸೂರು ಆಳಿದ ಕಂಠೀರವ ನರಸರಾಜ ಒಡೆಯರದು. ತಿರುಚಿನಾಪಳ್ಳಿಗೆ ವೇಷ ಮರೆಸಿ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದರೆಂಬ ಕಥೆ ಅವರ ಬಗ್ಗೆ ಇದೆ. ಗರಡಿಯ ನಂಟು ಇಲ್ಲಿಯೂ ತಪ್ಪಲಿಲ್ಲ!

2017ರಲ್ಲಿ ಇಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆಯಿತು. ಕಜಕಸ್ತಾನವನ್ನು ಮಣಿಸಿ ಭಾರತ ‘ಬಿ’ ವಿಭಾಗ ಗೆದ್ದಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಬೆಂಗಳೂರು ಬುಲ್ಸ್ ತಂಡದ ತವರು ಅಂಕಣವೂ ಇದೇ. ಆದರೆ 2017ರಲ್ಲಿ ಬುಲ್ಸ್ ತನ್ನ ತವರಿನ ಪಂದ್ಯಗಳನ್ನು ನಾಗಪುರದಲ್ಲಿ, ಮರುವರ್ಷ ಪುಣೆಯಲ್ಲಿ ಆಡಿತು. ಕಂಠೀರವಕ್ಕೆ ಮರಳಿದ್ದು 2019ರಲ್ಲಿ. ರಾಜಧಾನಿಯ ತಂಡವೇ ಸೂರಿಗಾಗಿ ಪರರಾಜ್ಯಕ್ಕೆ ಹೋಯಿತೆಂದರೆ, ಹಳ್ಳಿ ಹುಡುಗರ ಪಾಡು ಊಹಿಸಿ.

ದೊಡ್ಡ ಕಬಡ್ಡಿ ಈಗ ಮ್ಯಾಟ್ ಮೇಲೆ. ನೆನೆದರೆ ಮ್ಯಾಟ್ ಜಾರುತ್ತದೆ, ಅದಕ್ಕೆ ಮಾಡು ಬೇಕು. ನಮ್ಮ ಕಲಘಟಗಿ ಸೀಮೆ ಅರೆಮಲೆನಾಡು. ಮಳೆ ಹಿಡಿದರೆ ಬಯಲಿನ ಅಂಕಣ ರಾಡಿ. ಮಣ್ಣಿನಲ್ಲಿ ಬರಿಗಾಲಲ್ಲಿ ಬೆಳೆದವರು ಆಯ್ಕೆಯ ದಿನ ಬೂಟು ಹಾಕಿ ಮೊದಲ ಸಲ ಮ್ಯಾಟ್ ತುಳಿದರೆ, ಕಸುವು ಇದ್ದರೂ ಕಾಲಿಗೆ ಹಿಡಿತ ಸಿಗುವುದಿಲ್ಲ.

ಬೆಂಗಳೂರು ನಮಗೆ 400 ಕಿ.ಮೀ.ಗೂ ದೂರ. 4,000 ಜನ ಕೂರುವ ಮನಿ ನಾವು ಕೇಳುತ್ತಿಲ್ಲ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟಕ್ಕೆ ಮತ್ತು ಸುತ್ತ ಓಡಾಡುವ ಜಾಗಕ್ಕೆ ತಗಡಿನ ಮಾಡು, ಒಂದು ಮ್ಯಾಟ್ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳೋಣ. ನೀವೂ ಬರ್ರಿ.