ವಂಶವೆಂಬುದು ಯಾವುದು? – ನರಗುಂದದ ದತ್ತಕಪ್ರಸಂಗ ಮತ್ತು ಶರಣರ ಕುಲವಿಚಾರ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆನಾಡಿನಲ್ಲಿ ಹೆಣ್ಣು ಗಂಡು ನೋಡುವಾಗ ಹಿರಿಯರು ಮೊದಲು ವಿಚಾರಿಸುವುದು ಬೆಡಗನ್ನು. ಬೆಡಗು ಒಂದೇ ಆದರೆ ಅವರು ಅಣ್ಣತಮ್ಮಂದಿರು, ಕೊಡುಕೊಳ್ಳುವುದು ಸಲ್ಲದು. ಎತ್ತಿನೊಡನೆ ಊರೂರು ತಿರುಗಿ ಬರುವ ಹೆಳವರು ಮನೆಯಂಗಳದಲ್ಲಿ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳುವುದು ಈ ನಾಡಿನ ಹಳೆಯ ಪದ್ಧತಿ. ಹೀಗೆ ವಂಶವೆಂಬುದು ನಮ್ಮಲ್ಲಿ ನೆನಪಾಗಿಯೂ ನಿಯಮವಾಗಿಯೂ ನಡೆದುಬಂದಿದೆ. ಆದರೆ ವಂಶವೆಂದರೆ ದೇಹದಿಂದ ದೇಹಕ್ಕೆ ಹರಿದುಬರುವ ರಕ್ತವೋ, ಅಥವಾ ‘ಇವನು ನಮ್ಮವನು’ ಎಂದು ಒಪ್ಪಿಕೊಳ್ಳುವ ಮನಸ್ಸೋ? ಮನೆಯಲ್ಲಿ ಮಕ್ಕಳಿರುವವರೆಗೆ ಈ ಪ್ರಶ್ನೆ ಏಳುವುದಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅದು ಥಟ್ಟನೆ ಎದ್ದು ನಿಲ್ಲುತ್ತದೆ. ನರಗುಂದದಲ್ಲಿ ಅದು ರಕ್ತಪಾತಕ್ಕೇ ಕಾರಣವಾಯಿತು.

ನರಗುಂದವು ಭಾವೆ ಮನೆತನದ ಸಣ್ಣ ಸಂಸ್ಥಾನ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಅದನ್ನು ಗೆದ್ದುಕೊಂಡಿತು. 1787ರ ಗಜೇಂದ್ರಗಡದ ಒಪ್ಪಂದದಂತೆ ಬಾದಾಮಿ, ಕಿತ್ತೂರುಗಳೊಡನೆ ನರಗುಂದವೂ ಮರಾಠರ ಕಡೆಗೆ ಮರಳಿತು. ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಇದು ಈಸ್ಟ್ ಇಂಡಿಯಾ ಕಂಪನಿಯ ಅಂಕಿತಕ್ಕೆ ಬಂದಿತು. 1842ರಲ್ಲಿ ಪಟ್ಟಕ್ಕೆ ಬಂದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ವಿದ್ಯಾಪ್ರಿಯ ದೊರೆ. ಅವನ ಗ್ರಂಥಭಂಡಾರ ಬಹು ದೊಡ್ಡದಾಗಿತ್ತು. ಆದರೆ ಅವನಿಗೆ ಉತ್ತರಾಧಿಕಾರಿಯಾಗುವ ಮಗನಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಅನುಮತಿ ಬೇಡಿದಾಗ ಮುಂಬಯಿ ಸರಕಾರ ಅದನ್ನು ನಿರಾಕರಿಸಿತು. ಔರಸ ಪುತ್ರನಿಲ್ಲದ ಅಧೀನ ಸಂಸ್ಥಾನ ಕಂಪನಿಗೆ ಸೇರತಕ್ಕದ್ದೆಂಬುದು ಗವರ್ನರ್ ಜನರಲ್ ಡಾಲ್‌ಹೌಸಿಯ ನೀತಿ. ಸಾತಾರಾ 1848ರಲ್ಲಿ, ನಾಗಪುರ 1854ರಲ್ಲಿ ಹೀಗೆಯೇ ಹೋಗಿದ್ದವು. ಇದರ ಮೇಲೆ ಶಸ್ತ್ರಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂದಾಗ ಅಸಮಾಧಾನ ಬಂಡಾಯವಾಯಿತು.

1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಪಡೆ ಕೊಂದಿತು. ಅವನ ತಲೆಯನ್ನು ತಂದು ನರಗುಂದದ ಅಗಸೆಗೆ ತೂಗುಹಾಕಲಾಯಿತು. ಅತ್ತ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಅದೇ ದಿನಗಳಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. ಜೂನ್ ಆರಂಭದಲ್ಲಿ ನರಗುಂದದ ಕೋಟೆ ಬಿದ್ದಿತು. ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಸಂಸ್ಥಾನ ಕಂಪನಿಯ ಪಾಲಾಯಿತು.

ಕಿತ್ತೂರಿನ ಕಥೆ ಇದಕ್ಕಿಂತ ಮೊದಲಿನದು. 1824ರಲ್ಲಿ ಶಿವಲಿಂಗರುದ್ರ ಸರ್ಜ ದೇಸಾಯಿ ತೀರಿಕೊಂಡಾಗ, ದತ್ತಕನಾದ ಶಿವಲಿಂಗಪ್ಪನನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದನು. ಆ ವರ್ಷದ ಅಕ್ಟೋಬರ್ 23ರ ಯುದ್ಧದಲ್ಲಿ ಅವನೇ ಹತನಾದನು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಡಾಲ್‌ಹೌಸಿ ಬರುವುದಕ್ಕೆ ಕಾಲು ಶತಮಾನ ಮೊದಲೇ ಕನ್ನಡನಾಡು ಈ ನೀತಿಯ ಪೆಟ್ಟನ್ನು ಉಂಡಿತ್ತು. ಎರಡು ಕಡೆಯೂ ವಾದ ವಂಶದ ಹೆಸರಿನಲ್ಲಿ ನಡೆಯಿತು. ಕಣ್ಣು ಮಾತ್ರ ಭೂಮಿಯ ಮೇಲಿತ್ತು.

ಹಾಗಾದರೆ ವಂಶದ ಬಗ್ಗೆ ಈ ನೆಲದ ಶಾಸ್ತ್ರ ಏನು ಹೇಳುತ್ತಿತ್ತು? ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ಬರೆದನು. ಸಪಿಂಡ ಎಂಬ ಪದದಲ್ಲಿನ ಪಿಂಡಕ್ಕೆ ಆತ ಶರೀರವೆಂದು ಅರ್ಥ ಹೇಳಿದನು. ತಂದೆಯ ದೇಹದ ಅಂಶ ಮಗನಲ್ಲಿದೆ, ತಾಯಿಯದೂ ಇದೆ. ಆದುದರಿಂದ ಅವರು ಸಪಿಂಡರು. ಬಂಗಾಳದ ‘ದಾಯಭಾಗ’ವಾದರೋ ಪಿತೃಗಳಿಗೆ ಇಡುವ ಪಿಂಡವನ್ನು ಆಧಾರವಾಗಿ ಹಿಡಿಯಿತು. ದೇಹಾಂಶವನ್ನೇ ಮೂಲವಾಗಿಟ್ಟ ವಿಜ್ಞಾನೇಶ್ವರನೂ ದತ್ತಕಪುತ್ರನನ್ನು ಹೊರಗಿಡಲಿಲ್ಲ. ರಕ್ತವನ್ನು ಎಣಿಸಿಯೂ ಸ್ವೀಕಾರಕ್ಕೆ ಎಡೆಮಾಡಿದ್ದು ನಮ್ಮ ಪರಂಪರೆಯ ವಿವೇಕ.

ನರಗುಂದದ ದೊರೆ ಗಲ್ಲಿಗೇರಿದ ಆರೇ ದಿನಕ್ಕೆ, 1858ರ ಜೂನ್ 18ರಂದು, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾರ್ವಿನ್ನನಿಗೆ ಆಲ್ಫ್ರೆಡ್ ವ್ಯಾಲೇಸನ ಪತ್ರ ತಲುಪಿತು. ಜುಲೈ 1ರಂದು ಇಬ್ಬರ ವಿಚಾರಗಳೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಲ್ಪಟ್ಟವು. ಮರುವರ್ಷ ಡಾರ್ವಿನ್ನನ ಮಹಾಗ್ರಂಥ ಪ್ರಕಟವಾಯಿತು. ಜೀವಿಗಳೆಲ್ಲವೂ ಪೂರ್ವಜರಿಂದ ಬದಲಾವಣೆಯೊಡನೆ ಇಳಿದುಬಂದವು, ಅವುಗಳ ಸಾಮ್ಯಕ್ಕೆ ಕಾರಣ ಸಮಾನ ಮೂಲವೇ ಎಂಬುದು ಅದರ ಸಾರ. ಒಂದೇ ಬೇಸಿಗೆಯಲ್ಲಿ ಒಂದು ಸಾಮ್ರಾಜ್ಯ ವಂಶವನ್ನು ಒಬ್ಬ ಮಗನಿಗೆ ಕುಗ್ಗಿಸಿತು. ಒಂದು ಶಾಸ್ತ್ರ ಅದನ್ನು ಸಕಲ ಜೀವಿಗಳಿಗೆ ಹಿಗ್ಗಿಸಿತು.

ಇಂದಿನ ತಳಿಶಾಸ್ತ್ರ ಇದನ್ನು ಲೆಕ್ಕದಲ್ಲಿಯೇ ತೋರಿಸುತ್ತದೆ. ಮಗುವಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಅಂಶ ಬರುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು 1,024; ಇಪ್ಪತ್ತಕ್ಕೆ ಹೋದರೆ 10,48,576. ಅಷ್ಟು ಬೇರೆ ಬೇರೆ ಪೂರ್ವಜರು ಒಬ್ಬೊಬ್ಬರಿಗೂ ಇರಲಾರರು. ಒಬ್ಬರೇ ಹಲವು ಸ್ಥಾನಗಳಲ್ಲಿ ಮರಳಿ ಬಂದಿರಬೇಕು. ಒಂದು ಸೀಮೆಯ ಜನರಿಗೆ ಹಿರಿಯರು ಸಮಾನರಾಗಿರಬೇಕು. ತಂದೆಯಿಂದ ಮಗನಿಗೆ ಮಾತ್ರ ಸಾಗುವ ಗಂಡುರೇಖೆ ಹತ್ತನೆಯ ತಲೆಮಾರಿನಲ್ಲಿ ಹಿಡಿಯುವುದು 1,024 ಸ್ಥಾನಗಳಲ್ಲಿ ಒಂದನ್ನು ಮಾತ್ರ. ನಾವು ವಂಶವೆಂದು ಹೆಮ್ಮೆಪಡುವುದು ಬಹುಮಟ್ಟಿಗೆ ಆ ಒಂದರ ಹೆಸರನ್ನು.

ಲೋಕರೂಢಿಯೂ ರಕ್ತದ ಲೆಕ್ಕವನ್ನೇ ಅನುಸರಿಸುವುದಿಲ್ಲ. ಹತ್ತು ತಲೆಮಾರು ದೂರದವರಾದರೂ ಒಂದೇ ಬೆಡಗಿನವರು ಮದುವೆಯಾಗುವಂತಿಲ್ಲ. ಆದರೆ ನಾಲ್ಕನೆಯ ಒಂದು ಪಾಲು ರಕ್ತವನ್ನು ಹಂಚಿಕೊಂಡ ಅಕ್ಕನ ಮಗಳು ಬೇರೆ ಬೆಡಗಿನವಳೆಂದು ಸೋದರಮಾವನಿಗೆ ಕೊಡುವ ವಾಡಿಕೆ ನಡೆದುಬಂದಿದೆ. ಇತ್ತ ತುಳುನಾಡಿನ ಅಳಿಯಸಂತಾನದಲ್ಲಿ ಬಳಿ ತಾಯಿಯಿಂದ ಬರುತ್ತದೆ. ನಿಸರ್ಗ ಒಂದೇ, ಎಣಿಕೆಗಳು ಹಲವು. ಎಣಿಸುವವನು ಮನುಷ್ಯ.

ಈ ಮಾತನ್ನು ಹನ್ನೆರಡನೆಯ ಶತಮಾನದ ಶರಣರು ಅನುಭಾವದಿಂದ ಕಂಡುಕೊಂಡಿದ್ದರು. ವಿಜ್ಞಾನೇಶ್ವರನು ಸಪಿಂಡರನ್ನು ಎಣಿಸಿದ ಅದೇ ಕಲ್ಯಾಣದಲ್ಲಿ, ನೂರು ವರ್ಷ ತುಂಬುವುದರೊಳಗೆ, ಬಸವಣ್ಣನವರು ತಮ್ಮ ಹುಟ್ಟಿನ ಕುಲವನ್ನು ಬದಿಗಿಟ್ಟು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರನ್ನೇ ತಮ್ಮ ಹೆತ್ತವರೆಂದೂ ಒಡಹುಟ್ಟಿದವರೆಂದೂ ಹೇಳಿಕೊಂಡರು. ದತ್ತಕದಲ್ಲಿ ತಂದೆ ಮಗನನ್ನು ಆರಿಸಿಕೊಳ್ಳುತ್ತಾನೆ. ಇಲ್ಲಿ ಮಗನೇ ತಂದೆಯನ್ನು ಆರಿಸಿಕೊಂಡನು, ಅದೂ ಲೋಕ ಕೀಳೆಂದು ಕರೆದ ಮನೆಯಲ್ಲಿ. ದೀಕ್ಷೆ ಪಡೆದವನು ಗುರುಕರಜಾತ, ಗುರುವಿನ ಕೈಯಲ್ಲಿ ಹುಟ್ಟಿದವನು. ವಿರಕ್ತ ಪೀಠಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಅಧಿಕಾರ ಸಾಗಿಬಂದುದು ಈ ಜನ್ಮದಿಂದಲೇ ಹೊರತು ಒಡಲಿನ ಹುಟ್ಟಿನಿಂದಲ್ಲ.

ರಾಜ್ಯಶಾಸನಗಳೂ ನಿಧಾನವಾಗಿ ಈ ದಾರಿಗೆ ಬಂದವು. ಬಂಡಾಯದ ಪಾಠ ಕಲಿತ ಬ್ರಿಟಿಷರು 1862ರಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತಕ ಪಡೆದ ಚಾಮರಾಜೇಂದ್ರರಿಗೆ 1881ರಲ್ಲಿ ಮೈಸೂರು ರಾಜ್ಯ ಮರಳಿತು. ನರಗುಂದಕ್ಕೆ ಅದು ತಡವಾಗಿ ಬಂದ ನ್ಯಾಯ. 1956ರ ದತ್ತಕ ಕಾನೂನು ಹೆಣ್ಣುಮಗುವನ್ನೂ ದತ್ತಕ ಪಡೆಯಬಹುದೆಂದಿತು. ದತ್ತಕವಾದ ದಿನದಿಂದ ಮಗು ಆ ಮನೆಯದೇ. ಹುಟ್ಟಿದ ಮನೆಯ ರಕ್ತಸಂಬಂಧ ಮುಖ್ಯವಾಗಿ ಮದುವೆಯ ನಿಷೇಧದಲ್ಲಿ ಮಾತ್ರ ಉಳಿಯುತ್ತದೆ. ದೇಹಕ್ಕೆ ಸಲ್ಲಬೇಕಾದಷ್ಟು ದೇಹಕ್ಕೆ, ಮಿಕ್ಕದ್ದು ಸ್ವೀಕಾರಕ್ಕೆ. 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಭಾಗಿಯಾದಳು.

ಆದರೂ ಕಾನೂನು ಒಪ್ಪಿದ್ದನ್ನು ಮನಸ್ಸು ಒಪ್ಪದ ಮನೆಗಳುಂಟು. ದತ್ತಕ ಬಂದ ಮಗುವಿನ ಬೆನ್ನ ಹಿಂದೆ ‘ಯಾರದೋ ಕೂಸು’ ಎಂಬ ಪಿಸುಮಾತು ನಿಂತಿಲ್ಲ. ‘ವಂಶ ಮುಂದುವರಿಸಲು ಗಂಡು ಬೇಕು’ ಎಂಬ ಹಂಬಲದಲ್ಲಿ ಹೆಣ್ಣುಮಕ್ಕಳು ನೋಯುವುದೂ ನಿಂತಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರ ಮನೆಯಲ್ಲಿ ಇವು ಇರತಕ್ಕವಲ್ಲ. ಔರಸನಲ್ಲವೆಂಬ ಮಾತನ್ನು ಅಂದು ಕಂಪನಿ ಸರಕಾರ ಆಡಿತು. ಅದೇ ಮಾತು ಇಂದು ಶರಣರ ಸಂತತಿಯ ಬಾಯಿಂದ ಬರಬಾರದು.