ಡಿವೈಸ್ ಟ್ರೀ

ಡಿವೈಸ್ ಟ್ರೀ ಎಂಬುದು ಗಣಕವೊಂದರ ಯಂತ್ರಾಂಶದಲ್ಲಿ ಯಾವ ಭಾಗಗಳಿವೆ, ಅವು ಯಾವ ವಿಳಾಸದಲ್ಲಿವೆ, ಒಂದಕ್ಕೊಂದು ಹೇಗೆ ಜೋಡಣೆಯಾಗಿವೆ ಎಂಬ ವಿವರಗಳನ್ನು ಆಪರೇಟಿಂಗ್ ಸಿಸ್ಟಮ್‌ನ ಕರ್ನೆಲ್‌ಗೆ ಒದಗಿಸುವ ದತ್ತಾಂಶ ರಚನೆ. ಹೆಸರೇ ಸೂಚಿಸುವಂತೆ ಇದು ವೃಕ್ಷರೂಪದಲ್ಲಿದೆ. ಆರ್ಮ್, ಪವರ್‌ಪಿಸಿ ಮತ್ತು ರಿಸ್ಕ್-ಫೈವ್ ಪ್ರೊಸೆಸರ್‌ಗಳನ್ನುಳ್ಳ ಎಂಬೆಡೆಡ್ ಸಾಧನಗಳಲ್ಲಿ ಲಿನಕ್ಸ್ ಕರ್ನೆಲ್ ಇದನ್ನು ವ್ಯಾಪಕವಾಗಿ ಬಳಸುತ್ತದೆ. ಯು-ಬೂಟ್, ಫ್ರೀಬಿಎಸ್‌ಡಿ ಮತ್ತು ಝೆಫಿರ್ ತಂತ್ರಾಂಶಗಳೂ ಇದನ್ನು ಬಳಸುತ್ತವೆ.

ಅಗತ್ಯ

ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ಪಿಸಿಐ ಅಥವಾ ಯುಎಸ್‌ಬಿ ಮೂಲಕ ಜೋಡಿಸಿದ ಸಾಧನವು ತನ್ನ ತಯಾರಕರ ಸಂಖ್ಯೆಯನ್ನೂ ಉತ್ಪನ್ನದ ಸಂಖ್ಯೆಯನ್ನೂ ತಾನೇ ಹೊತ್ತಿರುತ್ತದೆ. ಕರ್ನೆಲ್ ಕೇಳಿದರೆ ಅದು ಉತ್ತರಿಸುತ್ತದೆ. ಎಂಬೆಡೆಡ್ ಚಿಪ್‌ಗಳ ಒಳಗಿನ ಹೆಚ್ಚಿನ ಭಾಗಗಳಿಗೆ ಇಂತಹ ಸೌಲಭ್ಯವಿಲ್ಲ. ಸೀರಿಯಲ್ ಪೋರ್ಟ್, ಟೈಮರ್, ಜಿಪಿಐಒ ನಿಯಂತ್ರಕ ಮುಂತಾದವು ಮೆಮೊರಿಯ ಯಾವುದೋ ಒಂದು ವಿಳಾಸದಲ್ಲಿ ಮೌನವಾಗಿ ಕುಳಿತಿರುತ್ತವೆ.

ಐ2ಸಿ ಬಸ್ ಇದಕ್ಕೆ ಒಳ್ಳೆಯ ಉದಾಹರಣೆ. ಎಲ್‌ಎಂ75 ಎಂಬ ತಾಪಮಾನ ಸಂವೇದಕವನ್ನು ಹದಿನಾರರ ಮೂಲದ ಸಂಖ್ಯಾಪದ್ಧತಿಯಲ್ಲಿ 48 ಎಂದು ಬರೆಯುವ ವಿಳಾಸದಲ್ಲಿ ಇರಿಸಬಹುದು. ಎಡಿಎಸ್1115 ಎಂಬ ಅನಲಾಗ್-ಡಿಜಿಟಲ್ ಪರಿವರ್ತಕಕ್ಕೂ ಅದೇ ವಿಳಾಸವನ್ನು ಕೊಡಬಹುದು. ಆ ವಿಳಾಸದಿಂದ ಉತ್ತರ ಬಂದಾಗ ಅಲ್ಲಿ ಏನೋ ಇದೆ ಎಂಬುದಷ್ಟೇ ಖಚಿತವಾಗುತ್ತದೆ, ಯಾವುದಿದೆ ಎಂಬುದಲ್ಲ. ಊಹೆಯ ಮೇಲೆ ದತ್ತಾಂಶ ಬರೆದು ಪರೀಕ್ಷಿಸುವುದು ಅಪಾಯಕರ: ಸಂವೇದಕವೆಂದು ಭಾವಿಸಿ ಬರೆದ ಬೈಟ್ ಶಾಶ್ವತ ಸ್ಮೃತಿಯ ಚಿಪ್‌ಗೆ ತಲುಪಿದರೆ ಅದರಲ್ಲಿನ ಮಾಹಿತಿ ಕೆಡಬಹುದು. ಆದ್ದರಿಂದ ಬೋರ್ಡನ್ನು ಬಲ್ಲವರು ಯಾರಾದರೂ ಅದರ ವಿವರವನ್ನು ಮೊದಲೇ ಬರೆದಿಡಬೇಕಾಗುತ್ತದೆ. ಆ ವಿವರವನ್ನು ಕರ್ನೆಲ್‌ನ ಒಳಗೆ ಇಡಬೇಕೋ ಹೊರಗೆ ಇಡಬೇಕೋ ಎಂಬ ಪ್ರಶ್ನೆಗೆ ದೊರೆತ ಉತ್ತರವೇ ಡಿವೈಸ್ ಟ್ರೀ.

ಇತಿಹಾಸ

ಡಿವೈಸ್ ಟ್ರೀಯ ಮೂಲ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಓಪನ್‌ಬೂಟ್ ಫರ್ಮ್‌ವೇರ್‌ನಲ್ಲಿದೆ. ಅದನ್ನು ಆಧರಿಸಿದ ಓಪನ್ ಫರ್ಮ್‌ವೇರ್ 1994ರಲ್ಲಿ ಐಇಇಇ 1275 ಎಂಬ ಮಾನಕವಾಯಿತು. ಆಪಲ್ ಸಂಸ್ಥೆಯ ಪವರ್‌ಪಿಸಿ ಗಣಕಗಳಲ್ಲಿಯೂ ಇದೇ ಬಳಕೆಯಲ್ಲಿತ್ತು. ಆದರೆ ಓಪನ್ ಫರ್ಮ್‌ವೇರ್ ಪೂರ್ಣ ಪ್ರಮಾಣದ ವ್ಯವಸ್ಥೆ. ಸಣ್ಣ ಎಂಬೆಡೆಡ್ ಬೋರ್ಡುಗಳಿಗೆ ಅದು ಭಾರವೆನಿಸುತ್ತಿತ್ತು. 2005ರಲ್ಲಿ ಲಿನಕ್ಸ್‌ನ ಪವರ್‌ಪಿಸಿ ಅಭಿವೃದ್ಧಿಗಾರರು ಫರ್ಮ್‌ವೇರ್ ಇಲ್ಲದಿದ್ದರೂ ವೃಕ್ಷವನ್ನು ಮಾತ್ರ ಒಂದೇ ಕಡತದಲ್ಲಿ ಮಡಚಿ ಕರ್ನೆಲ್‌ಗೆ ಕೊಡುವ ‘ಫ್ಲಾಟೆನ್ಡ್ ಡಿವೈಸ್ ಟ್ರೀ’ ವಿನ್ಯಾಸವನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವುದು ಇದೇ.

ಆರ್ಮ್ ವಲಯದ ಕಥೆ ಬೇರೆಯಾಗಿತ್ತು. ಅಲ್ಲಿ ಪ್ರತಿಯೊಂದು ಬೋರ್ಡಿಗೂ ಸಿ ಭಾಷೆಯ ಒಂದು ‘ಬೋರ್ಡ್ ಫೈಲ್’ ಇರುತ್ತಿತ್ತು ಮತ್ತು ನೋಂದಾಯಿತ ಯಂತ್ರಸಂಖ್ಯೆಯೊಂದು ಇರುತ್ತಿತ್ತು. ಬೂಟ್‌ಲೋಡರ್ ಆ ಸಂಖ್ಯೆಯನ್ನು ಕರ್ನೆಲ್‌ಗೆ ಒಪ್ಪಿಸಿದರೆ, ಕರ್ನೆಲ್ ತನ್ನೊಳಗಿನ ಬೋರ್ಡ್ ಫೈಲನ್ನು ಆರಿಸಿಕೊಳ್ಳುತ್ತಿತ್ತು. ಮೊಬೈಲ್ ಫೋನುಗಳ ಕಾಲದಲ್ಲಿ ಈ ಕಡತಗಳು ವಿಪರೀತ ಬೆಳೆದವು. ಅವುಗಳಲ್ಲಿ ಹೆಚ್ಚಿನವು ವಿಳಾಸ ಮತ್ತು ಇಂಟರಪ್ಟ್ ಸಂಖ್ಯೆಗಳ ಕೋಷ್ಟಕಗಳೇ ಆಗಿದ್ದವು, ತರ್ಕವೆನ್ನಬಹುದಾದದ್ದು ಅಲ್ಪ. 2011ರ ಮಾರ್ಚ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಈ ಸ್ಥಿತಿಯ ಬಗ್ಗೆ ಬಹಿರಂಗವಾಗಿ, ಕಟುವಾದ ಮಾತುಗಳಲ್ಲಿ ಅಸಮಾಧಾನ ವ್ಯಕ್ತಪಡಿಸಿದರು. ಆರ್ಮ್‌ಗೆ ಡಿವೈಸ್ ಟ್ರೀ ತರುವ ಕೆಲಸ ಅದಕ್ಕೂ ಮುಂಚೆಯೇ ಆರಂಭವಾಗಿತ್ತಾದರೂ ಅದಕ್ಕೆ ವೇಗ ಬಂದದ್ದು ಆ ಬಳಿಕ. 2012ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 3.7ರಲ್ಲಿ, ಬೇರೆ ಬೇರೆ ತಯಾರಕರ ಆರ್ಮ್ ಚಿಪ್‌ಗಳ ಮೇಲೆ ಒಂದೇ ಕರ್ನೆಲ್ ಕಡತ ನಡೆಯುವ ವ್ಯವಸ್ಥೆ ಮೊದಲಾಯಿತು. ಅದೇ ಆವೃತ್ತಿಯಲ್ಲಿ ಸೇರಿದ 64 ಬಿಟ್ ಆರ್ಮ್ ಬೆಂಬಲದಲ್ಲಿ ಬೋರ್ಡ್ ಫೈಲುಗಳಿಗೆ ಸ್ಥಾನವೇ ಇರಲಿಲ್ಲ.

ರಚನೆ

ವೃಕ್ಷವು ‘ನೋಡ್’ ಎಂಬ ಗಂಟುಗಳಿಂದಲೂ ಪ್ರತಿ ನೋಡ್‌ಗೆ ಸೇರಿದ ಗುಣಲಕ್ಷಣಗಳಿಂದಲೂ ಕೂಡಿದೆ. ಪ್ರತಿಯೊಂದು ಗುಣಲಕ್ಷಣಕ್ಕೂ ಒಂದು ಹೆಸರು ಇರುತ್ತದೆ; ಹೆಚ್ಚಿನವಕ್ಕೆ ಮೌಲ್ಯವೂ ಇರುತ್ತದೆ. ಇವುಗಳಲ್ಲಿ ಅತಿ ಮುಖ್ಯವಾದದ್ದು ‘ಕಾಂಪ್ಯಾಟಿಬಲ್’. ಸಾಧನ ಯಾವುದು ಎಂಬುದನ್ನು ತಯಾರಕರ ಹೆಸರು, ಅಲ್ಪವಿರಾಮ, ಮಾದರಿಯ ಹೆಸರು ಎಂಬ ಕ್ರಮದಲ್ಲಿ ಇದು ಹೇಳುತ್ತದೆ. ಮೇಲೆ ಹೇಳಿದ ಸಂವೇದಕಕ್ಕೆ ‘ನ್ಯಾಷನಲ್,ಎಲ್‌ಎಂ75’ ಎಂದಿರುತ್ತದೆ. ಒಂದಕ್ಕಿಂತ ಹೆಚ್ಚು ಹೆಸರುಗಳಿದ್ದರೆ ನಿರ್ದಿಷ್ಟವಾದದ್ದು ಮೊದಲು, ಸಾಮಾನ್ಯವಾದದ್ದು ನಂತರ ಬರುತ್ತದೆ. ಹೊಸ ಚಿಪ್‌ಗೆ ಪ್ರತ್ಯೇಕ ಡ್ರೈವರ್ ಇಲ್ಲದಿದ್ದರೂ ಅದರ ಹಿಂದಿನ ಪೀಳಿಗೆಯ ಡ್ರೈವರ್ ಕೆಲಸ ನಡೆಸಲು ಇದರಿಂದ ಸಾಧ್ಯವಾಗುತ್ತದೆ. ‘ರೆಗ್’ ವಿಳಾಸವನ್ನೂ ‘ಇಂಟರಪ್ಟ್ಸ್’ ಇಂಟರಪ್ಟ್ ತಂತಿಯನ್ನೂ ಸೂಚಿಸುತ್ತವೆ.

ಯಂತ್ರಾಂಶದ ಸಂಬಂಧಗಳೆಲ್ಲ ತಾಯಿ-ಮಗುವಿನ ಸಂಬಂಧಗಳಲ್ಲ. ಸಂವೇದಕವು ಐ2ಸಿ ಬಸ್‌ನ ಕೆಳಗಿದ್ದರೂ ಅದಕ್ಕೆ ವಿದ್ಯುತ್ ಬರುವುದು ಬೇರೊಂದು ಚಿಪ್‌ನಿಂದ, ಇಂಟರಪ್ಟ್ ಹೋಗುವುದು ಮತ್ತೊಂದಕ್ಕೆ. ಇಂತಹ ಅಡ್ಡಸಂಬಂಧಗಳನ್ನು ‘ಪಿಹ್ಯಾಂಡಲ್’ ಎಂಬ ಗುರುತುಸಂಖ್ಯೆಯ ಮೂಲಕ ಸೂಚಿಸಲಾಗುತ್ತದೆ. ಹೀಗಾಗಿ ವೃಕ್ಷವೆಂಬ ಹೆಸರು ವಾಸ್ತವದಲ್ಲಿ ಅರ್ಧ ಸತ್ಯ. ಕೊಂಬೆಗಳ ನಡುವೆ ಬಳ್ಳಿಗಳೂ ಹಬ್ಬಿರುತ್ತವೆ.

ಚಿಪ್‌ನ ವಿವರ ಒಂದು ಕಡತದಲ್ಲಿ, ಬೋರ್ಡಿನ ವಿವರ ಅದನ್ನು ಒಳಗೊಳ್ಳುವ ಇನ್ನೊಂದು ಕಡತದಲ್ಲಿ ಇರುವುದು ರೂಢಿ. ಬೀಗಲ್‌ಬೋನ್ ಮತ್ತು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡುಗಳೆರಡರಲ್ಲೂ ಇರುವುದು ಎಎಂ335ಎಕ್ಸ್ ಸರಣಿಯ ಚಿಪ್. ಆದರೆ ಮೊದಲನೆಯದರಲ್ಲಿ ಎಚ್‌ಡಿಎಂಐ ಇಲ್ಲ, ಎರಡನೆಯದರಲ್ಲಿ ಇದೆ. ಚಿಪ್‌ನ ಕಡತವನ್ನು ಎರಡೂ ಹಂಚಿಕೊಂಡು ವ್ಯತ್ಯಾಸಗಳನ್ನು ಮಾತ್ರ ತಮ್ಮ ತಮ್ಮ ಕಡತದಲ್ಲಿ ಬರೆಯುತ್ತವೆ. ಚಿಪ್‌ನಲ್ಲಿದ್ದರೂ ಬೋರ್ಡಿನಲ್ಲಿ ತಂತಿ ಎಳೆಯದ ಭಾಗದ ‘ಸ್ಟೇಟಸ್’ ‘ಡಿಸೇಬಲ್ಡ್’ ಎಂದೇ ಉಳಿಯುತ್ತದೆ. ಬಳಕೆಗೆ ಬಂದದ್ದನ್ನು ‘ಓಕೆ’ ಎಂದು ಬದಲಿಸಲಾಗುತ್ತದೆ.

ಬೂಟ್ ಸಮಯದ ಕಾರ್ಯ

ಡಿಟಿಎಸ್ ಎಂಬ ಪಠ್ಯ ಕಡತವನ್ನು ಡಿಟಿಸಿ ಎಂಬ ಕಂಪೈಲರ್ ಡಿಟಿಬಿ ಎಂಬ ದ್ವಿಮಾನ ಕಡತವಾಗಿ ಪರಿವರ್ತಿಸುತ್ತದೆ. ಅದರ ಮೊದಲ ನಾಲ್ಕು ಬೈಟ್‌ಗಳು ಹದಿನಾರರ ಮೂಲದಲ್ಲಿ ‘ಡೂಡ್ ಫೀಡ್’ ಎಂದು ಓದಿಕೊಳ್ಳುವಂತಿವೆ, ಅಭಿವೃದ್ಧಿಗಾರರ ವಿನೋದ. ಬೂಟ್‌ಲೋಡರ್ ಇದನ್ನು ಮೆಮೊರಿಗೆ ತಂದು, ಲಭ್ಯವಿರುವ ಮೆಮೊರಿಯ ಪ್ರಮಾಣವನ್ನೂ ಕರ್ನೆಲ್‌ಗೆ ನೀಡುವ ಸೂಚನೆಗಳನ್ನೂ ಅದರಲ್ಲಿ ತುಂಬಿ, ಅದರ ವಿಳಾಸವನ್ನು ಪ್ರೊಸೆಸರ್‌ನ ಗೊತ್ತುಪಡಿಸಿದ ರಿಜಿಸ್ಟರ್‌ನಲ್ಲಿ ಇರಿಸುತ್ತದೆ: 32 ಬಿಟ್ ಆರ್ಮ್‌ನಲ್ಲಿ ಆರ್2, 64 ಬಿಟ್‌ನಲ್ಲಿ ಎಕ್ಸ್0, ರಿಸ್ಕ್-ಫೈವ್‌ನಲ್ಲಿ ಎ1. ಕರ್ನೆಲ್ ವೃಕ್ಷವನ್ನು ಬಿಚ್ಚಿ, ‘ಕಾಂಪ್ಯಾಟಿಬಲ್’ ಹೆಸರುಗಳನ್ನು ಡ್ರೈವರ್‌ಗಳ ಪಟ್ಟಿಯೊಂದಿಗೆ ಹೋಲಿಸುತ್ತದೆ. ಝೆಫಿರ್‌ನಲ್ಲಿ ಮಾತ್ರ ಈ ಕೆಲಸವೆಲ್ಲ ತಂತ್ರಾಂಶ ನಿರ್ಮಾಣದ ಹಂತದಲ್ಲೇ ಮುಗಿದು, ಸಾಧನಕ್ಕೆ ವೃಕ್ಷ ಹೋಗುವುದೇ ಇಲ್ಲ.

ನಿಯಮಗಳು ಮತ್ತು ವಿವಾದ

ಯಾವ ಸಾಧನಕ್ಕೆ ಯಾವ ಗುಣಲಕ್ಷಣಗಳಿರಬೇಕು ಎಂಬ ನಿಯಮಕ್ಕೆ ‘ಬೈಂಡಿಂಗ್’ ಎಂದು ಹೆಸರು. ಡಿವೈಸ್ ಟ್ರೀ ಯಂತ್ರಾಂಶವನ್ನು ವರ್ಣಿಸಬೇಕೇ ಹೊರತು ಲಿನಕ್ಸ್‌ನ ಅನುಕೂಲವನ್ನಲ್ಲ ಎಂಬುದು ಮೂಲತತ್ತ್ವ. ಹಳೆಯ ಡಿಟಿಬಿಯೊಂದಿಗೆ ಹೊಸ ಕರ್ನೆಲ್ ಕೆಲಸ ಮಾಡಬೇಕೆಂಬುದೂ ಒಪ್ಪಿತ ನಿಯಮವೇ. ಆಚರಣೆಯಲ್ಲಿ ಇದು ಕಷ್ಟ. ಉದಾಹರಣೆಗೆ, ರೀಸೆಟ್ ತಂತಿಯೊಂದು ತಗ್ಗಿನ ಮಟ್ಟದಲ್ಲಿ ಸಕ್ರಿಯವೋ ಎತ್ತರದ ಮಟ್ಟದಲ್ಲಿ ಸಕ್ರಿಯವೋ ಎಂಬುದನ್ನು ವೃಕ್ಷದಲ್ಲಿ ತಪ್ಪಾಗಿ ಬರೆದಿದ್ದರೂ, ಡ್ರೈವರ್ ಆ ಸೂಚನೆಯನ್ನು ನೋಡದಿದ್ದಷ್ಟು ಕಾಲ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಮುಂದೊಂದು ದಿನ ಡ್ರೈವರನ್ನು ತಿದ್ದಿದಾಗ ಮಾರಾಟವಾಗಿ ಹೋದ ಬೋರ್ಡುಗಳು ನಿಲ್ಲುತ್ತವೆ. ವೋಲ್ಟೇಜ್ ವಿವರದ ತಪ್ಪು ಇನ್ನೂ ಗಂಭೀರ. 1.8 ವೋಲ್ಟ್ ಬೇಕಾದ ಚಿಪ್‌ಗೆ 3.3 ವೋಲ್ಟ್ ಎಂದು ಬರೆದರೆ ಕಂಪೈಲರ್ ಆಕ್ಷೇಪಿಸುವುದಿಲ್ಲ, ಆದರೆ ಚಿಪ್ ಸುಟ್ಟುಹೋಗಬಹುದು.

ಬೈಂಡಿಂಗ್‌ಗಳು ಬಹುಕಾಲ ಮನುಷ್ಯರು ಮಾತ್ರ ಓದಬಲ್ಲ ಟಿಪ್ಪಣಿಗಳಾಗಿದ್ದವು. ಗುಣಲಕ್ಷಣದ ಹೆಸರಿನಲ್ಲಿ ಅಕ್ಷರದೋಷವಿದ್ದರೆ ಕರ್ನೆಲ್ ಅದನ್ನು ಸುಮ್ಮನೆ ಕಡೆಗಣಿಸುತ್ತಿತ್ತು. 2019ರಲ್ಲಿ ಬಂದ ಲಿನಕ್ಸ್ 5.0ರ ಆಸುಪಾಸಿನಿಂದ ಅವುಗಳನ್ನು ಯಾಮಲ್ ರೂಪಕ್ಕೆ ಪರಿವರ್ತಿಸಲಾಗುತ್ತಿದ್ದು, ಇಂತಹ ದೋಷಗಳನ್ನು ಯಂತ್ರವೇ ಪತ್ತೆಹಚ್ಚಬಲ್ಲದು. ಮಾನಕದ ಮೊದಲ ಆವೃತ್ತಿ 2016ರಲ್ಲಿ ಪ್ರಕಟವಾಯಿತು.

ಬಳಕೆ

ರಾಸ್ಪ್‌ಬೆರಿ ಪೈಯಂತಹ ಬೋರ್ಡುಗಳಿಗೆ ಬಳಕೆದಾರರು ಹೆಚ್ಚುವರಿ ಭಾಗಗಳನ್ನು ಜೋಡಿಸಿದಾಗ, ಮೂಲ ವೃಕ್ಷದ ಮೇಲೆ ಕಸಿ ಕಟ್ಟುವ ‘ಓವರ್‌ಲೇ’ ಕಡತಗಳು ಬಳಕೆಯಾಗುತ್ತವೆ. ಎಕ್ಸ್86 ಗಣಕಗಳಲ್ಲಿ ಇದೇ ಬಗೆಯ ಅಗತ್ಯವನ್ನು ಎಸಿಪಿಐ ಪೂರೈಸುತ್ತದೆ. ಆರ್ಮ್ ಸರ್ವರ್‌ಗಳಲ್ಲಿಯೂ ಅದೇ ಹೆಚ್ಚು ರೂಢಿಯಲ್ಲಿದೆ.

ಮೊಬೈಲ್ ಫೋನುಗಳ ಡಿವೈಸ್ ಟ್ರೀ ಕಡತಗಳು ಬಹುಪಾಲು ತಯಾರಕರ ಸ್ವಂತ ಕರ್ನೆಲ್ ಪ್ರತಿಗಳಲ್ಲೇ ಉಳಿದು, ಮುಖ್ಯ ಲಿನಕ್ಸ್‌ಗೆ ಸೇರುವುದಿಲ್ಲ. ಅಂತಹ ಫೋನಿಗೆ ತಯಾರಕರ ಬೆಂಬಲ ನಿಂತ ಮೇಲೆ ಹೊಸ ಕರ್ನೆಲ್ ಹಾಕಬೇಕಾದರೆ ಅದರ ವೃಕ್ಷವನ್ನು ಯಾರಾದರೂ ಹೊಸದಾಗಿ ಬರೆಯಬೇಕು. 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್‌ಓಎಸ್ ಯೋಜನೆಯ ಸ್ವಯಂಸೇವಕರು ತಯಾರಕರು ಪ್ರಕಟಿಸಿದ ಆಕರ ಸಂಕೇತವನ್ನೂ ಫೋನಿನಿಂದಲೇ ಹೊರತೆಗೆದ ಡಿಟಿಬಿಯನ್ನೂ ಆಧರಿಸಿ, ಪರದೆ, ಸ್ಪರ್ಶಫಲಕ, ಧ್ವನಿ ಎಂದು ಒಂದೊಂದೇ ನೋಡ್ ಸೇರಿಸುತ್ತಾ ಈ ಕೆಲಸ ಮಾಡುತ್ತಾರೆ.